ಕಲ್ಲಗಡ್ಡಿ ಕಡವಿನ ಹನ್ನೆರಡು ಜಾಕೆಟ್

ಆಗಸ್ಟ್ 13ರ ಬೆಳಿಗ್ಗೆ ಎಂಟೂವರೆಗೆ ಅಮರಮ್ಮ ಸಿಂಧನೂರಿನ ಠಾಣೆಗೆ ಬಂದಾಗ ಪಿಎಸ್‌ಐ ಶಿವಕುಮಾರಿ ಇನ್ನೂ ಹಿಂದಿನ ದಿನದ ಒದ್ದೆ ಬೂಟಿನಲ್ಲೇ ಇದ್ದರು. ಮುಕ್ಕುಂದದಿಂದ ಮುಂದೆ, ಕಲ್ಲಗಡ್ಡಿ ಕಡವಿನಲ್ಲಿ ದೋಣಿ ಮಗುಚಿತ್ತು. ಆಚೆ ದಡಕ್ಕೆ ಭತ್ತದ ನಾಟಿಗೆ ಹೊರಟಿದ್ದ ಹದಿನೆಂಟು ಮಂದಿಯಲ್ಲಿ ಏಳು ಜನ ತುಂಗಭದ್ರೆಯ ಪಾಲಾಗಿದ್ದರು. ಅವರಲ್ಲಿ ಅಮರಮ್ಮನ ಹಿರಿಮಗಳೂ ಒಬ್ಬಳು.

"ದೂರು ಯಾರ ಮ್ಯಾಲ?"

"ಅದನ್ನ ನೀವ ಹುಡುಕ್ರಿ. ಸತ್ತಾಕಿ ತಿರುಗಿ ಬರಂಗಿಲ್ಲ. ನಾಟಿ ಇನ್ನೂ ಮುಗಿದಿಲ್ಲ, ಸಣ್ಣಾಕಿ ದುರ್ಗಾದೇವಿ ಅದ ಹೊಳಿ ದಾಟಬೇಕು. ಆಕಿಗರ ಒಂದು ತೇಲೋ ಜಾಕೀಟ್ ಕೊಡಸ್ರಿ."

ಶಿವಕುಮಾರಿ ಪೆನ್ನು ಕೈಗೆತ್ತಿಕೊಂಡರು. ಹನ್ನೊಂದು ವರ್ಷದ ನೌಕರಿಯಲ್ಲಿ ಸತ್ತವರಿಗಾಗಿ ಅತ್ತವರನ್ನು ಬೇಕಾದಷ್ಟು ಕಂಡಿದ್ದರು. ಬದುಕಿರುವವಳಿಗಾಗಿ ದೂರು ತಂದವಳು ಇವಳೊಬ್ಬಳೇ. 9.10ಕ್ಕೆ ಎಫ್‌ಐಆರ್ ಆಯಿತು. ಮೊದಲ ಆರೋಪಿ ಅಂಬಿಗ ನರಸಣ್ಣ.

ನರಸಣ್ಣ ಆಸ್ಪತ್ರೆಯ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ.

"ಹತ್ತು ಮಂದಿ ದೋಣ್ಯಾಗ ಹದಿನೆಂಟು ಯಾಕ?" ಶಿವಕುಮಾರಿ ಕೇಳಿದರು.

"ಎಲ್ಲಾರೂ ಒಮ್ಮೆಲೆ ಗದ್ದಿಗಿ ಇಳಿದ್ರನ ನಾಟಿ ಸಾಲು ಹಿಡೀತಾರ್ರಿ. ಅರ್ಧ ಮಂದಿ ಈ ದಡದಾಗ ಉಳಿದ್ರ, ಆ ದಡದಾಗಿನವರು ಸುಮ್ನ ಕುಂದರ್ತಾರ. ಬ್ಯಾಡ ಅಂದೆ. ಗಟ್ಟಿಯಾಗಿ ಅನ್ನಲಿಲ್ಲ."

"ಜಾಕೆಟ್?"

"ಪಂಚಾಯ್ತ್ಯಾಗ ಅದಾವ್ರಿ."

ಮೂರು ವರ್ಷದ ಹಿಂದೆ ಇದೇ ಹೊಳೆಯಲ್ಲಿ ಇಬ್ಬರು ಮುಳುಗಿದ ಮೇಲೆ ಸರ್ಕಾರ ಎಚ್ಚೆತ್ತು ಸುತ್ತೋಲೆ ಕಳಿಸಿತ್ತು. ಪ್ರತಿ ಕಡವಿಗೆ ಹನ್ನೆರಡು ಜೀವರಕ್ಷಕ ಜಾಕೆಟ್. ಬೆಳಿಗ್ಗೆ ಕೊಟ್ಟು, ಸಂಜೆ ವಾಪಸ್ ಪಡೆದು, ವಹಿಯಲ್ಲಿ ಅಂಬಿಗನ ಹೆಬ್ಬೆಟ್ಟು ತೆಗೆದುಕೊಳ್ಳಬೇಕು. ಕಲ್ಲಗಡ್ಡಿ ಪಂಚಾಯಿತಿಯಲ್ಲಿ ಆ ಕೆಲಸ ಗುಮಾಸ್ತ ಕರಿಬಸಯ್ಯನದು. ಮಧ್ಯಾಹ್ನ ಎರಡಕ್ಕೆ ಕೇಳಿದಾಗ ಆತ ವಹಿಯನ್ನು ಥಟ್ಟನೆ ತಂದಿಟ್ಟ.

"ದಿನಾ ಕೊಟ್ಟೀನ್ರಿ. ನಿನ್ನಿನೂ ಕೊಟ್ಟೀನಿ."

ಪುಟಗಳು ಕನ್ನಡಿಯಂತೆ ಚೊಕ್ಕವಾಗಿದ್ದವು. ಪ್ರತಿ ದಿನದ ಮುಂದೂ 'ಹನ್ನೆರಡು ಜಾಕೆಟ್, ಸುಸ್ಥಿತಿಯಲ್ಲಿವೆ', ಪಕ್ಕದಲ್ಲಿ ನೀಲಿ ಹೆಬ್ಬೆಟ್ಟು. ಶಿವಕುಮಾರಿ ಬೆರಳಿಟ್ಟು ಕೆಳಗೆ ಕೆಳಗೆ ಹೋದರು. ಹದಿಮೂರರ ಮುಂದೆಯೂ ಹೆಬ್ಬೆಟ್ಟಿತ್ತು. ಹದಿನಾಲ್ಕು, ಹದಿನೈದು, ಮೂವತ್ತೊಂದರವರೆಗೂ ಇತ್ತು.

"ನರಸಣ್ಣ ದವಾಖಾನ್ಯಾಗ ಮಲಗ್ಯಾನ. ಇವತ್ತಿನ ಹೆಬ್ಬೆಟ್ಟು ಯಾವಾಗ ಒತ್ತಿದ?"

ಕರಿಬಸಯ್ಯ ಸೊಂಟದ ಬೀಗದಕೈ ಬಿಚ್ಚಿ ಮೇಜಿನ ಮೇಲಿಟ್ಟ.

ಅವರ ಜೊತೆ ಬಂದಿದ್ದ ಮಸ್ಕಿ ಊರಿನ ಕಾನ್ಸ್‌ಟೇಬಲ್ ಗೌಸ್‌ಸಾಬ್ ಪಂಚರ ಎದುರು ಅಲ್ಮಾರಿ ತೆಗೆದ. ಹನ್ನೆರಡೂ ಪ್ಲಾಸ್ಟಿಕ್ ಹೊದಿಕೆಯಲ್ಲಿದ್ದವು, ಒಂದಕ್ಕೂ ನೀರು ಸೋಕಿರಲಿಲ್ಲ. ಅವನು ಪಂಚನಾಮೆ ಬರೆಯತೊಡಗಿದ.

"ಯಾಕ ಕೊಡಲಿಲ್ಲ?" ಶಿವಕುಮಾರಿ ಕರಿಬಸಯ್ಯನನ್ನು ಕೇಳಿದರು.

"ಮೊದಲಿನವನ್ನ ಕೊಟ್ಟಿದ್ದೆ ಮೇಡಂ. ಕೆಸರಾಗಿ ಬಂದ್ವು. ತಪಾಸಣಿಗೆ ಬಂದ ಸಾಹೇಬ್ರು ಊರ ಮಂದಿ ಮುಂದ ನನ್ನ ಬೈದ್ರು, ಸರ್ಕಾರಿ ಸಾಮಾನು ಹಿಂಗ ಇಡ್ತಾರೇನು ಅಂತ. ಹೊಸಾವು ಬಂದ ಮ್ಯಾಲ ಕೈ ಬರಲಿಲ್ರಿ. ತಿಂಗಳ ಮೊದಲ್ನೇ ದಿನ ಅವನ ಕಡಿಂದ ಅಷ್ಟೂ ಹೆಬ್ಬೆಟ್ಟು ಒತ್ತಿಸಿಕೊಂತಿದ್ದೆ."

"ಸಾಹೇಬ್ರು ಮತ್ತ ಬಂದಿದ್ರೇನು?"

"ಬಂದಿದ್ರು. ಶಾಬಾಸ್ ಅಂದ್ರು."

ಸಂಜೆ 6.40ಕ್ಕೆ ಕರಿಬಸಯ್ಯನ ಬಂಧನವಾಯಿತು. ಆತ ಒಂದು ಜಾಕೆಟನ್ನೂ ಮಾರಿದವನಲ್ಲ, ಮನೆಗೆ ಒಯ್ದವನೂ ಅಲ್ಲ. ಬೈಗುಳಕ್ಕೆ ಹೆದರಿದ್ದ, ಅಷ್ಟೇ. ಶಿವಕುಮಾರಿಯವರಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬಂದದ್ದು ಬೇಸರ. ಜಾಕೆಟ್‌ಗಳು ದೋಣಿಯಲ್ಲೇ ಇರಬೇಕು, ಹರಿದರೂ ಕೆಸರಾದರೂ ಯಾರನ್ನೂ ಹೊಣೆ ಮಾಡಬಾರದು ಎಂದು ಎರಡು ಪುಟದ ಸಲಹೆ ಬರೆದು ಲಿಂಗಸುಗೂರಿನ ಉಪವಿಭಾಗಾಧಿಕಾರಿಗೆ ಮುಟ್ಟಿಸಲು ಬಸ್ಸಿಗೆ ಗೌಸ್‌ಸಾಬ್‌ನನ್ನು ಹತ್ತಿಸಿದರು. 'ಪರಿಶೀಲಿಸಲಾಗುವುದು' ಎಂಬ ಉತ್ತರ ಬಂತು.

ಆಗಸ್ಟ್ 20ಕ್ಕೆ ಬೇರೊಂದು ದೋಣಿಯೊಂದಿಗೆ ಕಡವು ಶುರುವಾಯಿತು, ಸಸಿ ಬಲಿಯುತ್ತಿತ್ತು, ನಾಟಿ ಇನ್ನು ಕಾಯುವಂತಿರಲಿಲ್ಲ. ಅಂದೇ ಅಮರಮ್ಮ ದುರ್ಗಾದೇವಿಯನ್ನು ಕರೆದುಕೊಂಡು ಠಾಣೆಗೆ ಬಂದಳು.

"ಹನ್ನೆರಡೂ ಸಿಕ್ಕಾವಂತಲ್ರಿ. ಕೊಡ್ರಿ."

"ಅವು ಈಗ ಕೇಸಿನ ಮಾಲು ಅಮ್ಮ. ಕೋರ್ಟಿಗೆ ಅರ್ಜಿ ಹಾಕೀನಿ. ಸೆಪ್ಟೆಂಬರ್ ಹದಿನೈದಕ್ಕ ತಾರೀಖು."

"ಹೊಸಾವು?"

"ಕಡವಿಗೆ ಹನ್ನೆರಡು ಅದಾವ ಅಂತ ದಾಖಲಿ ಐತಿ. ಮತ್ತ ಬರಂಗಿಲ್ಲಂತ."

ಅಮರಮ್ಮ ಜಾಕೆಟ್ ಇಟ್ಟಿದ್ದ ಮುದ್ದೆಮಾಲಿನ ಕೋಣೆಯ ಬೀಗ ಹಾಕಿದ ಬಾಗಿಲನ್ನು ನೋಡಿದಳು. "ಕರಿಬಸಯ್ಯನ ಬೀಗಾನೂ ಇಂಥಾದ ಇತ್ರಿ," ಎಂದು ಮಗಳ ಕೈ ಹಿಡಿದು ಹೊರಟಳು.

ದೋಣಿ ಹತ್ತುವ ಮಂದಿ ಎಣಿಸಲು ಶಿವಕುಮಾರಿ ಗೌಸ್‌ಸಾಬ್‌ನನ್ನು ದಡಕ್ಕೆ ಕಳಿಸಿದರು. ಮೂರನೇ ದಿನ ಮೇಲಧಿಕಾರಿಗಳು ಅವನನ್ನು ಬಂದೋಬಸ್ತ್‌ಗೆ ಕರೆಸಿಕೊಂಡರು. ಅಂದು ದೋಣಿಯಲ್ಲಿ ಹದಿನಾರು ಜನ ದಾಟಿದರೆಂದು ಸುದ್ದಿ ಬಂತು, ದುರ್ಗಾದೇವಿಯೂ ಅವರಲ್ಲಿದ್ದಳು.

ಆಗಸ್ಟ್ 31ಕ್ಕೆ ತಿಂಗಳ ತಪಾಸಣೆ. ಶಿವಕುಮಾರಿ ಕೋಣೆಯ ಬೀಗ ತೆಗೆದು, ಎಣಿಸಿ, ಠಾಣೆಯ ವಹಿಯಲ್ಲಿ ಬರೆದರು: 'ಹನ್ನೆರಡು ಜಾಕೆಟ್, ಸುಸ್ಥಿತಿಯಲ್ಲಿವೆ.' ಸಹಿ ಮಾಡಿ ಬೀಗ ಹಾಕಿದರು.