ತಣ್ಣಗಿದ್ದ ಪೆಟ್ಟಿಗೆ

ಹಳೆಯದು ಗೆದ್ದಿತ್ತು. ಅದೂ ಅಲ್ಪಸ್ವಲ್ಪವಲ್ಲ!

ಕೋಮಲಾ ಪರದೆಯ ಮೇಲಿನ ಅಂಕಿಯನ್ನು ಎರಡು ಸಲ ಓದಿದಳು. ಎಂಟು ವರ್ಷದ ಹಿಂದಿನ ಪ್ರೊಸೆಸರ್ ಅರ್ಧ ಗಂಟೆಯಲ್ಲಿ ಒಂಬೈನೂರು ಚಿತ್ರಗಳನ್ನು ಪರಿಶೀಲಿಸಿ ಮುಗಿಸಿತ್ತು. ಈ ವರ್ಷ ಬಂದ ಹೊಸದು, ಅಷ್ಟೇ ಕಡಿಮೆ ಕರೆಂಟಿನಲ್ಲಿ ಎರಡು ಪಟ್ಟು ಓಡಬೇಕಾದದ್ದು, ಏಳುನೂರಕ್ಕೇ ಏದುಸಿರು ಬಿಟ್ಟಿತ್ತು.

"ಕಳುವು!" ಎಂದರು ರೇವಣಸಿದ್ದಪ್ಪ. "ಒಳಗಿನ ಚಿಪ್ ಬದಲಾಗೈತಿ. ಇನ್ನೇನ್ ಹೇಳ್ರಿ?"

ರಾಯಪುರಂ ಕಡೆಯ ಮೀನುದೋಣಿಗಳಿಗೆ ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಕಂಪ್ಯೂಟರ್ ಮಾಡಿಕೊಡುವುದು ಅವರ ಕಸುಬು. ಕಾರ್ಖಾನೆ ಎಂದರೆ ಮೈಲಾಪೂರಿನ ಹಳೆಯ ಫ್ಲಾಟೊಂದರ ಮೂರು ಕೋಣೆ. ಉಪ್ಪುಗಾಳಿ ಒಳಗೆ ಹೋಗಬಾರದೆಂದು ಪೆಟ್ಟಿಗೆಗೆ ಫ್ಯಾನೂ ಇಲ್ಲ, ಕಿಂಡಿಯೂ ಇಲ್ಲ. ಹಳೆ ಚಿಪ್ ಸಾಕೋ, ಹೊಸದಕ್ಕೆ ಹೋಗಬೇಕೋ ಎಂದು ಹೋಲಿಸಿ ಹೇಳಲು ಕೋಮಲಾ ಬಂದಿದ್ದಳು. ಪ್ರೊಸೆಸರ್‌ಗಳ ನಾಡಿ ಹಿಡಿಯುವುದು ಅವಳ ಕೆಲಸ. ಕಳ್ಳರನ್ನು ಹಿಡಿಯುವುದು ಆ ಕೆಲಸದಲ್ಲಿ ಸೇರಿರಲಿಲ್ಲ.

"ಯಾರ ಮೇಲೆ ಅನುಮಾನ?"

"ಇವನ ಮ್ಯಾಲೆ." ರೇವಣಸಿದ್ದಪ್ಪ ಬಾಗಿಲ ಬಳಿ ನಿಂತಿದ್ದ ಹರಿಹರನನ್ನು ತೋರಿಸಿದರು. "ಪೆಟ್ಟಿಗಿ ಜೋಡಿಸ್ದಾಂವ ಇವನ. ಹನ್ನೆರಡಕ್ಕ ದೋಣಿಯವ್ರು ಬರ್ತಾರ. ಅಷ್ಟರಾಗ ಇವ ಒಪ್ಪಲಿಲ್ಲಂದ್ರ ಪೊಲೀಸ್‌ಗೆ ಫೋನ್ ಹಚ್ಚಾಂವ ನಾ."

ಹರಿಹರ ಮೈಸೂರಿನವನು, ಬಂದು ಮೂರು ತಿಂಗಳು. ಅವನ ಮುಖ ಬಿಳುಚಿಕೊಂಡಿತ್ತು.

"ಮೇಡಂ, ನಾನು ಮುಟ್ಟಿಲ್ಲ. ಕಳ್ಳ ಅಂತ ಒಂದ್ಸಲ ಅನ್ನಿಸ್ಕೊಂಡ್ರೆ ಈ ಊರಲ್ಲಿ ನನ್ನ ಕೈಗೆ ಯಾರು ಸ್ಕ್ರೂಡ್ರೈವರ್ ಕೊಡ್ತಾರೆ?"

ಗೋಡೆ ಗಡಿಯಾರದಲ್ಲಿ ಹತ್ತೂವರೆ. ಕೋಮಲಾ ಅತಿಥಿಗಳ ಕುರ್ಚಿಯಲ್ಲಿ ಕುಳಿತಳು. ಅದು ಕರಕರ ಎಂದಿತು. ಕೊಂಡು ಎರಡು ವರ್ಷವಾಗಿದ್ದರೂ ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಇನ್ನೂ ಮೇಲೇ ಇತ್ತು. ಪಕ್ಕದ ಕುರ್ಚಿಗೂ ಅದೇ ಅಂಗಿ.

"ಪರದೆ ಮೇಲೆ ಹೊಸ ಚಿಪ್‌ನ ಹೆಸರೇ ಬರ್ತಿದೆಯಲ್ಲ?"

"ಹೆಸರು ಬದಲ್ಸೂದು ಇಂಥವ್ರಿಗೆ ದೊಡ್ಡ ಮಾತೇನ್ರಿ?"

"ತೆರೆದು ನೋಡೋಣವೇ?"

"ಬ್ಯಾಡ! ತೆರದ್ರ ಸಾಕ್ಷಿ ಹಾಳಾಕ್ಕೈತಿ. ಚಿಪ್ ಏನೋ ಬದಲಾತು, ಪೆಟ್ಟಿಗಿ ಮಾತ್ರ ಛಲೋ ಐತಿ ಬಿಡ್ರಿ. ಅರ್ಧ ತಾಸು ದುಡದ್ರೂ ಎಷ್ಟ್ ತಣ್ಣಗೈತಿ ನೋಡ್ರಿ!"

ಒಳಕೋಣೆಯಿಂದ ಶಿವಶರಣ ಬಂದ. ರೇವಣಸಿದ್ದಪ್ಪನವರ ಅಣ್ಣನ ಮಗ, ಉಗ್ರಾಣದ ಉಸ್ತುವಾರಿ, ತಮಿಳು ಬೆರೆತ ಮಾತಿನವನು. ಯಾರೂ ಕೇಳುವ ಮೊದಲೇ ಬಾಯಿಬಿಟ್ಟ: "ಕಾಕಾ, ಸತ್ಯಮಾ ನಾ ಏನೂ ಮಾಡ್ಲಿಲ್ಲ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ. ಕೋಮಲಾಳಿಗೆ ಕುತೂಹಲ ಹೆಚ್ಚಿತು.

"ಉಗ್ರಾಣದಲ್ಲಿ ಹಳೆ ಚಿಪ್ ಎಷ್ಟಿವೆ?"

"ಟೂ ಹಂಡ್ರೆಡ್."

"ಹೊಸದು ಸೋತರೆ ಅವೆಲ್ಲ ಖರ್ಚಾಗುತ್ತವೆ—ಅಲ್ಲವೇ?"

"ಖರ್ಚಾಗ್ಲಿ ಬಿಡ್ಲಿ, ಅಕ್ಕಾ, ನಂಗೆ ಸ್ಕ್ರೂ ಬಿಚ್ಚೋಕೇ ಬರಲ್ಲ. ಚುಮ್ಮಾ, ಸುಮ್ನೆ ಭಯ ಆಯ್ತು, ಅದಕ್ಕೆ ಹೇಳ್ದೆ."

ಅದು ಸುಳ್ಳಿನ ಹಾಗೆ ಕೇಳಿಸಲಿಲ್ಲ. ಅವಳು ಪರೀಕ್ಷೆಯನ್ನು ಮತ್ತೆ ಶುರು ಮಾಡಿದಳು. ಈ ಸಲ ಕೊನೆಯ ಅಂಕಿಗೆ ಕಾಯಲಿಲ್ಲ, ನಿಮಿಷ ನಿಮಿಷವೂ ನೋಡುತ್ತ ಕೂತಳು. ಮೊದಲ ನಿಮಿಷ: ಹಳೆಯದು ಮೂವತ್ತು, ಹೊಸದು ಅರವತ್ತು! ಎರಡು, ಮೂರು, ನಾಲ್ಕು—ಹಾಗೆಯೇ. ಐದನೆಯದರಲ್ಲಿ ಹೊಸದು ಹದಿನೆಂಟಕ್ಕೆ ಕುಸಿಯಿತು. ಹಳೆಯದು ಮೂವತ್ತಕ್ಕೇ ಅಂಟಿಕೊಂಡಿತ್ತು.

ಎರಡು ಪೆಟ್ಟಿಗೆಗಳ ಮೇಲೂ ಅಂಗೈ ಇಟ್ಟಳು. ಹಳೆಯದು ದೋಸೆಯ ಕಾವಲಿಯಂತೆ ಕಾದಿತ್ತು. ಹೊಸದು ಉಗುರುಬೆಚ್ಚಗೂ ಇರಲಿಲ್ಲ. ಅವಳ ಮುಖ ಅರಳಿತು. ಹೊಸ ಪೆಟ್ಟಿಗೆಯನ್ನು ತಿರುವಿ ಹಾಕಿದಳು.

"ಹರಿಹರ, ಸ್ಕ್ರೂಗಳ ಮೇಲೆ ಈ ಕೆಂಪು ಚುಕ್ಕೆ?"

"ನೇಲ್ ಪಾಲಿಶ್ ಮೇಡಂ. ಬಿಗಿ ಮಾಡಿದ್ಮೇಲೆ ಇಡ್ತೀನಿ. ಯಾರಾದ್ರೂ ಬಿಚ್ಚಿದ್ರೆ ಗೊತ್ತಾಗ್ಲಿ ಅಂತ."

ನಾಲ್ಕೂ ಚುಕ್ಕೆಗಳು ಸೀಳಿಹೋಗಿದ್ದವು.

"ಇವನು ಮುಚ್ಚಿದ ಮೇಲೆ ಪೆಟ್ಟಿಗೆಯನ್ನು ತೆರೆದವರು ಯಾರು?"

"ಹೊರಗಿನವ್ರು ಯಾರೂ ಇಲ್ರಿ," ಎಂದರು ರೇವಣಸಿದ್ದಪ್ಪ.

"ಒಳಗಿನವರು?"

ಕೋಮಲಾ ಮೇಜಿನ ಕಡೆ ನೋಡಿದಳು. ಮೇಜಿನ ಮೇಲೆ ಏಸಿ ರಿಮೋಟ್ ಬಿದ್ದಿತ್ತು. ಅದಕ್ಕೂ ಪ್ಲಾಸ್ಟಿಕ್ ಕವರ್, ಸುತ್ತ ರಬ್ಬರ್ ಬ್ಯಾಂಡ್.

"ಸರ್, ನೀವೇ ತೆರೆದಿರಿ. ಅಲ್ಲವೇ?"

"ನಾ ತೆರದಿದ್ದು ತೆರದಂಗೇನ್ರಿ? ಮಾಲೀಕ ನಾ! ನಿನ್ನೆ ಸಂಜಿಕ ಸುಮ್ನ ಒಂದೀಟು ನೋಡಿದ್ನಿ, ಹೊಳ್ಳಿ ಮುಚ್ಚಿದ್ನಿ. ಚಿಪ್ ಮುಟ್ಟಿಲ್ಲ."

"ಮುಟ್ಟಿಲ್ಲ, ಒಪ್ಪಿದೆ. ಆದರೆ ಏನನ್ನೋ ಇಟ್ಟಿರಿ."

ಕೋಮಲಾ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದಳು. ಮುಚ್ಚಳದ ಒಳಗೆ ಮೆತ್ತನೆಯ ಬೂದು ಪಟ್ಟಿ. ಅದಕ್ಕೆ ಅಂಟಿಕೊಂಡು, ನೀಟಾಗಿ ಕತ್ತರಿಸಿದ ದಪ್ಪ ಪ್ಲಾಸ್ಟಿಕ್ ತುಂಡು!

"ಇದನ್ನು ನಾನಿಟ್ಟಿಲ್ಲ!" ಹರಿಹರ ಕೂಗಿದ.

"ಆ ಪಟ್ಟಿ ಅಂಟಂಟಿತ್ತು," ರೇವಣಸಿದ್ದಪ್ಪನವರ ದನಿ ಇಳಿದಿತ್ತು. "ಧೂಳು ಕೂಡ್ತೈತಿ ಅಂತ... ಹೊಸಾದು ನೋಡ್ರಿ... ಪ್ಯಾಕಿಂಗ್ ಕವರ್ ಕತ್ತರಿಸಿ ಹಾಕಿದ್ನಿ."

"ಈ ಪಟ್ಟಿ ಚಿಪ್‌ನ ಬಿಸಿಯನ್ನು ಮುಚ್ಚಳಕ್ಕೆ ದಾಟಿಸಬೇಕು. ಫ್ಯಾನ್ ಇಲ್ಲದ ಪೆಟ್ಟಿಗೆಗೆ ಮುಚ್ಚಳವೇ ಗತಿ. ನೀವು ದಾರಿಗೆ ಅಡ್ಡ ಪ್ಲಾಸ್ಟಿಕ್ ಇಟ್ಟಿರಿ. ಬಿಸಿ ಒಳಗೇ ಉಳಿಯಿತು. ಕಾದ ಚಿಪ್ ಸುಟ್ಟುಹೋಗದಿರಲು ತಾನಾಗಿಯೇ ನಿಧಾನವಾಯಿತು. ಹಳೆ ಚಿಪ್ ಇಟ್ಟಿದ್ದರೆ ಮೊದಲ ನಿಮಿಷದಲ್ಲಿ ಅರವತ್ತು ಬರುತ್ತಿತ್ತೇ? ಸುಳಿವನ್ನು ನೀವೇ ಕೊಟ್ಟಿರಿ, ಎಷ್ಟು ತಣ್ಣಗಿದೆ ಅಂತ. ನಾನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೈಮುರಿದು ದುಡಿದ ಪೆಟ್ಟಿಗೆ ತಣ್ಣಗಿರುತ್ತದೆಯೇ, ಸರ್?"

ಪ್ಲಾಸ್ಟಿಕ್ ಕಿತ್ತು, ಚಿಪ್ ಆರಲು ಬಿಟ್ಟು, ಮುಚ್ಚಳ ಬಿಗಿದು ಮತ್ತೆ ಓಡಿಸಿದಳು. ಅರ್ಧ ಗಂಟೆಗೆ ಸಾವಿರದ ಏಳುನೂರ ತೊಂಬತ್ತು. ರೇವಣಸಿದ್ದಪ್ಪ ಪೆಟ್ಟಿಗೆ ಮುಟ್ಟಿ ಬೆರಳು ಸುಟ್ಟವರಂತೆ ಕೈ ಹಿಂದೆಗೆದುಕೊಂಡರು. ಅವರ ಮುಖವೂ ಕೆಂಪಾಗಿತ್ತು.

ಹನ್ನೆರಡಕ್ಕೆ ಐದು ನಿಮಿಷವಿತ್ತು. ಅವರು ಫೋನನ್ನು ಜೇಬಿಗೆ ಹಾಕಿದರು. ಎದ್ದು, ಖಾಲಿ ಇದ್ದ ಅತಿಥಿಗಳ ಕುರ್ಚಿಯ ಬಳಿ ಹೋಗಿ, ಪ್ಲಾಸ್ಟಿಕ್ಕಿಗೆ ಉಗುರು ಕೊಟ್ಟು ಪರ್ರನೆ ಹರಿದರು. ಒಳಗಿಂದ ನೀಲಿ ಬಟ್ಟೆ ಕಾಣಿಸಿತು. ಆ ಕಾರ್ಖಾನೆಯಲ್ಲಿ ಅದರ ಬಣ್ಣ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

"ತಪ್ಪಾತಪಾ ಹರಿಹರ," ಎಂದರು. "ಕೂಡು. ದೋಣಿಯವ್ರಿಗೆ ಪೆಟ್ಟಿಗಿ ನೀನ ತೋರ್ಸು."

ಬೆಳಗಿನಿಂದ ನಿಂತೇ ಇದ್ದ ಹರಿಹರ ಕೂತ.