ಅಮಿತನ ಗಿಟಾರಿನ ದನಿ

ನಾನು ಮುಂಬಯಿಯ ಪಾರ್ಲೆಯಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವವನು. ನನ್ನ ಕಣ್ಣೆದುರು ಆದದ್ದನ್ನಷ್ಟೇ ಹೇಳುತ್ತೇನೆ.

ಪರೇಲಿನ ಚಾಳಿನಲ್ಲಿರುವ ರುದ್ರವ್ವನವರ ಮಗ ಅಮಿತ ಗಿಟಾರ್ ನುಡಿಸುತ್ತಿದ್ದ. ಅವನು ತೀರಿಕೊಂಡು ವರ್ಷ ತುಂಬಿದ ದಿನ ಆ ದನಿ ಮನೆಯಲ್ಲಿ ಇನ್ನೊಮ್ಮೆ ಕೇಳಬೇಕೆಂದು ಅವರು ನನ್ನನ್ನು ಕರೆಸಿದರು. ಮೊಬೈಲಿನಲ್ಲಿ ಅವನು ನುಡಿಸಿದ್ದನ್ನು ಕೇಳಿದೆ. ಬೆಚ್ಚಗಿನ ದನಿ, ಜೋರಾಗಿ ಮೀಟಿದಾಗ ಮಾತ್ರ ಅಂಚು ತುಸು ಒಡೆಯುತ್ತಿತ್ತು. ಗಿಟಾರ್ ಅವನದೇ, ಆಂಪ್ ಅವನದೇ. ಆಂಪಿನೊಳಗಿನ ಗಾಜಿನ ವಾಲ್ವ್ ಬದಲಿಸಿದೆ, ಚೂಪು ಕಡಿಮೆಯಾಗಲೆಂದು ಟ್ರೆಬಲ್ ಇಳಿಸಿದೆ. ಆದರೂ ದನಿ ಚೂಪಾಗಿಯೇ ಉಳಿಯಿತು.

"ಬಾಜೂದವ್ರು ಬೈತಾರಂತ ಸ್ಪೀಕರಿಗೆ ನಾ ಹೊಲಿದ ಕೌದಿ ಹೊಚ್ಚತಿದ್ದ," ಎಂದರು ರುದ್ರವ್ವ.

"ಎಂತ ಅಮ್ಮ, ಮೊದಲೇ ಹೇಳುದಲ್ವಾ? ಆ ಕೌದಿ ಕೊಡಿ."

"ಅದನ್ನ ಹೊಚ್ಚೇ ಅವನ್ನ ಮಣ್ಣು ಮಾಡೀವ್ರಿ."

ನಾನು ಮತ್ತೊಮ್ಮೆ ತಂತಿ ಮೀಟಿದೆ. ಅಮಿತನ ದನಿಯೇ ಬಂತು. ಸ್ಪೀಕರಿನ ಮೇಲೆ ಏನೂ ಇರಲಿಲ್ಲ. ವಾಲ್ವ್ ಕೆಂಪಗೆ ಉರಿಯುತ್ತಿತ್ತು, ಆಂಪಿನ ಪೆಟ್ಟಿಗೆ ಮಾತ್ರ ಮುಟ್ಟಿದರೆ ಹಸಿಮಣ್ಣಿನ ಹಾಗೆ ತಣ್ಣಗಿತ್ತು.

ರುದ್ರವ್ವ ಅಳಲಿಲ್ಲ. ಸ್ಪೀಕರಿನ ಮುಂದೆ ಕೂತು ಬರಿಗಾಳಿಯಲ್ಲಿ ಬೆರಳಾಡಿಸಿದರು.

"ಕೌದೀದು ಈ ಮೂಲಿ ಬಿಚ್ಚೇತಿ ನೋಡ್ರಿ. ಸೂಜ್ಯಾಗ ದಾರ ಹಾಕಿ ಕೊಡ್ರೆಪಾ, ನನಗ ಕಣ್ಣು ಸರಿ ಕಾಣಂಗಿಲ್ಲ."

ದುಃಖದಲ್ಲಿರುವವರ ಜೊತೆ ವಾದ ಮಾಡಬಾರದು. ಮೊಳದಷ್ಟು ಬಿಳಿ ದಾರ ಪೋಣಿಸಿ ಕೊಟ್ಟೆ. ಅವರು ಸಾವಕಾಶವಾಗಿ ಗಾಳಿಯಲ್ಲೇ ಹೊಲಿದರು, ಗಂಟು ಹಾಕಿದರು, ಬಾಗಿ ಹಲ್ಲಿನಿಂದ ದಾರ ಕಡಿದರು. ಸೂಜಿಯನ್ನು ನನ್ನ ಕೈಗೆ ಕೊಟ್ಟರು.

ದಾರ ಸೂಜಿಯಲ್ಲಿರಲಿಲ್ಲ. ನೆಲದ ಮೇಲೆ, ಅವರ ಮಡಿಲಲ್ಲಿ, ಎಲ್ಲೂ ಇರಲಿಲ್ಲ.