ಕಣ್ಣು ಮುಚ್ಚಿ ಚೆಲ್ಲಿದ ಗುಟುಕು

ಬಹಳ ಕಾಲದ ಹಿಂದೆ, ಏಳು ಬೆಟ್ಟ ಏಳು ಹೊಳೆಗಳ ಆಚೆ, ಮಣಿಹಾಳ ಎಂಬ ರಾಜ್ಯವಿತ್ತು. ಬೆಲ್ಲ, ಏಲಕ್ಕಿ, ಕಾಡುಹೂವಿನ ರಸ ಬೆರೆಸಿ ಅಲ್ಲಿ ಹೊಂಪಾನಕ ಮಾಡುತ್ತಿದ್ದರು. ವರ್ಷಕ್ಕೊಮ್ಮೆ, ಪ್ರಾಯಕ್ಕೆ ಬಂದ ಹುಡುಗರೆಲ್ಲ ಅರಮನೆಯ ಅಂಗಳದಲ್ಲಿ ನಿಂತು ಅದನ್ನು ಕುಡಿಯಬೇಕಿತ್ತು. "ಮೊದಲ ಗುಟುಕು ಮಣ್ಣಿಗೆ" ಎಂಬುದು ಆ ನಾಡಿನ ಮಾತು. ಹುಡುಗರು ಕಣ್ಣು ಮುಚ್ಚಿ, ಭೂಮಿತಾಯಿಯನ್ನು ನೆನೆದು, ಮೊದಲ ಗುಟುಕನ್ನು ನೆಲಕ್ಕೆ ಚೆಲ್ಲುತ್ತಿದ್ದರು. ಸುತ್ತ ನಿಂತ ಜನರೂ ಕಣ್ಣು ಮುಚ್ಚುತ್ತಿದ್ದರು. ರಾಜನೂ ಮುಚ್ಚುತ್ತಿದ್ದ. ಕಣ್ಣು ಬಿಟ್ಟಿರುತ್ತಿದ್ದವನು ಪಾನಕ ಹಂಚುವ ಮಾಂತ್ರಿಕ ಧೂಮಜಂಘ ಒಬ್ಬನೇ.

ಕುಡಿದವರಲ್ಲಿ ಕೆಲವರು ನಿಂತಲ್ಲೇ ಕಲ್ಲಾಗುತ್ತಿದ್ದರು. ಅದಕ್ಕೂ ಒಂದು ಮಾತಿತ್ತು: "ಪುಣ್ಯವಂತರು ಕಲ್ಲಾಗ್ತಾರೆ." ಭೂಮಿತಾಯಿ ಮೆಚ್ಚಿ ತನ್ನ ಬಳಿ ಇಟ್ಟುಕೊಂಡಳಂತೆ. ಹಾಗೆಂದು ಯಾರು ಹೇಳಿದರು, ಯಾವಾಗ ಹೇಳಿದರು, ಒಬ್ಬರೂ ಕೇಳಲಿಲ್ಲ. ಹಳೆಯ ಮಾತು ಎಂದರೆ ಜನಕ್ಕೆ ಅಷ್ಟೇ ಸಾಕು, ಮೂಗುದಾರ ಹಾಕಿದ ಎತ್ತಿನ ಹಾಗೆ ನಡೆದುಬಿಡುತ್ತಾರೆ.

ಅರಮನೆಯ ಊರಿನಲ್ಲಿ ದ್ಯಾವಕ್ಕ ಎಂಬ ಹುಡುಗಿಯಿದ್ದಳು. ಅವಳ ಅಣ್ಣ ಮಾಳ ಹಿಂದಿನ ವರ್ಷ ಕಲ್ಲಾಗಿದ್ದ. ತಾಯಿ ಹೊನ್ನವ್ವ ಆಗಾಗ ಹೋಗಿ ಅವನ ಮುಖದ ಧೂಳು ಒರೆಸಿ, ಅಳು ನುಂಗಿಕೊಂಡು ಮನೆಗೆ ಬರುತ್ತಿದ್ದಳು. ಈ ವರ್ಷ ತಮ್ಮ ಬೀರನ ಸರದಿ.

"ಅವ್ವ, ಕಣ್ಣು ಯಾಕೆ ಮುಚ್ಬೇಕು?" ಎಂದು ದ್ಯಾವಕ್ಕ ಕೇಳಿದಳು.

"ಬಿಟ್ರೆ ಭೂಮ್ತಾಯಿ ಮುನೀತಾಳೆ ಕಣೆ."

"ನಿಂಗ್ಯಾರು ಹೇಳಿದ್ರು?"

"ನಮ್ಮವ್ವ. ಅವಳಿಗೆ ಅವಳವ್ವ. ಸುಮ್ನಿರು, ನಿಮ್ಮಣ್ಣ ಪುಣ್ಯವಂತ." ಹೀಗೆಂದು ಹೊನ್ನವ್ವ ಧೂಳು ಒರೆಸುವ ಬಟ್ಟೆ ಎತ್ತಿಕೊಂಡು ಹೊರಟಳು.

ದ್ಯಾವಕ್ಕ ಸುಮ್ಮನಿರಲಿಲ್ಲ. ಎಲ್ಲ ಬಲ್ಲವೆಂದು ಹೆಸರಾದ ಮೂರು ಮಾಯಾಜೀವಿಗಳು ಕಾಡಿನಲ್ಲಿದ್ದವು. ಅವನ್ನೇ ಹುಡುಕಿಕೊಂಡು ಹೋದಳು.

ಮೊದಲು ಸಿಕ್ಕಿದ್ದು ಚಿನ್ನದ ಕೊಕ್ಕಿನ ಗಿಣಿ. ಅದು ಅವಳ ಕೂದಲಿನ ಕಪ್ಪನ್ನು ಬೇಡಿತು. ಕೊಟ್ಟಳು, ತಲೆ ನರೆಯಿತು.

"ಮೊದಲ ರಾಜ ಬಾಯಾರಿ ಬಿದ್ದಿದ್ದ. ಭೂಮಿತಾಯಿ ಎದೆ ಸೀಳಿ ಹೊಂಪಾನಕ ಉಕ್ಕಿಸಿದಳು. ಅದಕ್ಕೇ ಮೊದಲ ಗುಟುಕು ಅವಳಿಗೆ" ಎಂದಿತು ಗಿಣಿ.

"ನೀನು ಕಣ್ಣಾರೆ ಕಂಡೆಯಾ?"

"ಇಲ್ಲ. ಹಾಡಿನಲ್ಲಿ ಕೇಳಿದೆ."

ಎರಡನೆಯದು ಕೆರೆಯಷ್ಟೇ ಹಳೆಯ ಆಮೆ. ಅದು ಅವಳ ನೆರಳನ್ನು ಬೇಡಿತು. ಅದನ್ನೂ ಕೊಟ್ಟಳು.

"ಹೊಸ ರಾಣಿಯ ಕೈ ನಡುಗಿ ಪಾನಕ ಚೆಲ್ಲಿತು. ಅವಳ ಮಾನ ಉಳಿಸಲು ಸಭೆಯವರೆಲ್ಲ ಒಂದೊಂದು ಗುಟುಕು ಚೆಲ್ಲಿದರು."

"ನೀನು ಕಣ್ಣಾರೆ ಕಂಡೆಯಾ?"

"ಇಲ್ಲ. ನಮ್ಮಪ್ಪ ಹೇಳುತ್ತಿದ್ದ."

ಮೂರನೆಯದು ಹುತ್ತದೊಳಗಿನ ಕುರುಡು ಸರ್ಪ. ಅದು ಬೇಡಿದ್ದು ಅವಳ ದನಿಯನ್ನು.

"ದನಿ ಹೋದ್ರೆ ಜನಕ್ಕೆ ಹೇಳೋದು ಹೇಗೆ?" ಎಂದಳು ದ್ಯಾವಕ್ಕ.

"ನಿನಗಿಂತ ಮೊದಲು ಬಂದವರೂ ಇದನ್ನೇ ಕೇಳಿದರು. ಕೊಟ್ಟರು. ಅದಕ್ಕೇ ನಿಜ ಈ ಕಾಡು ದಾಟಿಲ್ಲ."

ದ್ಯಾವಕ್ಕ ಹಿಂದೆ ತಿರುಗಿ ಎರಡು ಹೆಜ್ಜೆ ಇಟ್ಟಳು. ಆದರೂ ಬೀರನ ಮುಖ ನೆನಪಾಗಿ ಕೊನೆಯ ಸಲ ಕೇಳಿದಳು: "ನೀನು ಕಣ್ಣಾರೆ ಕಂಡೆಯಾ?"

"ಕಂಡೆ. ಆಗ ನನಗೆ ಕಣ್ಣಿತ್ತು. ಮೊದಲ ರಾಜನಿಗೆ ವಿಷದ ಭಯ. ಈ ನಾಡಿನ ಮಣ್ಣು ವಿಷ ತಾಗಿದರೆ ಕುದಿಯುತ್ತದೆ. ಅದನ್ನು ನೋಡಲೆಂದೇ ಮೊದಲ ಗುಟುಕು ಚೆಲ್ಲುತ್ತಿದ್ದ. ಕಣ್ಣು ಮುಚ್ಚುವುದನ್ನು ಆಮೇಲೆ ಸೇರಿಸಿದವನು ಧೂಮಜಂಘ. ಅವನ ವಿಷ ಕುಡಿದು ಕಲ್ಲಾದವರ ಆಯಸ್ಸೇ ಅವನ ಊಟ."

ದ್ಯಾವಕ್ಕ ಬಾಯಿ ತೆರೆದಳು. ದನಿ ಹೋಯಿತು. ಕೈಗಳಾದರೂ ಉಳಿದಿವೆ ಎಂದುಕೊಂಡು ಊರಿಗೆ ಓಡಿದಳು.

ಅಂಗಳಕ್ಕೆ ಬರುವಷ್ಟರಲ್ಲಿ ಹುಡುಗರು ಬಟ್ಟಲು ಹಿಡಿದು ನಿಂತಿದ್ದರು. ಎಲ್ಲರ ಕಣ್ಣುಗಳೂ ಮುಚ್ಚಿದ್ದವು. ಮೊದಲ ಗುಟುಕು ನೆಲಕ್ಕೆ ಬಿತ್ತು. ಬೀರನ ಕಾಲ ಬಳಿ ಮಣ್ಣು ಗಂಜಿಯ ಹಾಗೆ ಕುದಿಯತೊಡಗಿತು. ಬೀರ ಕಣ್ಣು ಮುಚ್ಚಿಕೊಂಡೇ ಬಟ್ಟಲನ್ನು ತುಟಿಗೆ ಎತ್ತಿದ. ದ್ಯಾವಕ್ಕ ನುಗ್ಗಿ ಅವನ ಕೈಗೆ ಹೊಡೆದಳು. ಕಂಚಿನ ಬಟ್ಟಲು ಕಲ್ಲುಮೆಟ್ಟಿಲ ಮೇಲೆ ಬಿದ್ದು ಸದ್ದಾಯಿತು. ಜನ ಕಣ್ಣು ತೆರೆದರು.

"ಕಣ್ಣು ಬಿಟ್ಟಿರಾ? ನೋಡಿ, ತಾಯಿ ಸಿಟ್ಟಿನಿಂದ ಕುದಿಯುತ್ತಿದ್ದಾಳೆ. ಇವಳನ್ನು ಇಲ್ಲೇ ಹೂಳಿ" ಎಂದ ಧೂಮಜಂಘ.

ಜನ ಅದನ್ನೂ ನಂಬಿದರು. ಕಾವಲಿನವರು ದ್ಯಾವಕ್ಕನನ್ನು ಹಿಡಿದರು. ಅವಳು ತಾಯಿಯ ಕಡೆ ತಿರುಗಿ ಕುದಿಯುವ ಮಣ್ಣನ್ನು ತೋರಿಸಿದಳು, ಆಮೇಲೆ ಮಾಳನ ಕಲ್ಲುಮುಖವನ್ನು ತೋರಿಸಿದಳು. ಹೊನ್ನವ್ವ ಎರಡನ್ನೂ ನೋಡಿದಳು. ಮಣ್ಣು ಕುದಿಯುತ್ತಿದ್ದುದು ಎಲ್ಲ ಹುಡುಗರ ಮುಂದೆ ಅಲ್ಲ, ಕೆಲವರ ಮುಂದೆ ಮಾತ್ರ. ಅಂಥ ಇನ್ನೊಬ್ಬ ಹುಡುಗನ ಬಟ್ಟಲನ್ನು ಕಿತ್ತುಕೊಂಡು ಅವಳು ಮಾಂತ್ರಿಕನ ಮುಂದೆ ಹೋಗಿ ನಿಂತಳು.

"ಪುಣ್ಯವಂತರು ಕಲ್ಲಾಗ್ತಾರೆ ಅಂತೀರಲ್ಲ ಸ್ವಾಮಿ. ನಿಮಗಿಂತ ಪುಣ್ಯವಂತರು ಯಾರಿದ್ದಾರೆ? ಒಂದು ಗುಟುಕು ಕುಡೀರಿ."

ಧೂಮಜಂಘ ಒಂದು ಹೆಜ್ಜೆ ಹಿಂದೆ ಸರಿದ. ಆ ಹೆಜ್ಜೆಯನ್ನು ಎಲ್ಲರೂ ನೋಡಿದರು.

"ಕುಡಿ" ಎಂದ ರಾಜ.

ಕುಡಿದ. ಕಲ್ಲಾದ. ಆ ಕಲ್ಲು ಬಿರಿದು ಬೂದಿಯಾಯಿತು.

ಅಂಗಳದ ಕಲ್ಲುಗಳಿಗೆಲ್ಲ ಜೀವ ಬಂತು, ಆದರೆ ಅವನು ತಿಂದ ಆಯಸ್ಸು ವಾಪಸು ಬರಲಿಲ್ಲ. ಮಾಳ ತನ್ನ ತಾಯಿಗಿಂತ ಮುದುಕನಾಗಿ, ಬೆನ್ನು ಬಾಗಿಸಿಕೊಂಡು ನಡೆದು ಬಂದ. ಹೊನ್ನವ್ವ ಅವನ ಬಾಯಲ್ಲಿ ಹಲ್ಲಿಲ್ಲದ್ದನ್ನು ಕಂಡು ಅನ್ನ ಕಿವುಚಿ ತಿನ್ನಿಸಿದಳು. ಮೂರು ಮಳೆಗಾಲ ಅವನು ಬದುಕಿದ. ಅಷ್ಟು ದಿನ ಆ ಮನೆಯವರು ಸುಖವಾಗಿದ್ದರು.

ಆಮೇಲೆ ಮಣಿಹಾಳದಲ್ಲಿ ಹುಡುಗ ಹುಡುಗಿ ಎನ್ನದೆ ಎಲ್ಲರೂ ಕಣ್ಣು ಬಿಟ್ಟು ಚೆಲ್ಲುವುದೇ ಪದ್ಧತಿಯಾಯಿತು. ಅಂದು ನಡೆದದ್ದನ್ನು ಕಂಡವರು ಒಬ್ಬೊಬ್ಬರಾಗಿ ತೀರಿಕೊಂಡರು. ದ್ಯಾವಕ್ಕ ಮುದುಕಿಯಾದಾಗ, ಹಬ್ಬದ ದಿನ ಪಕ್ಕದ ಮನೆಯ ಅಜ್ಜಿ ತನ್ನ ಮೊಮ್ಮಗಳಿಗೆ ಹೇಳುತ್ತಿದ್ದಳು: "ಒಬ್ಬ ರಾಣಿಯ ಕಣ್ಣು ಬಲು ಚೆಂದ ಇತ್ತಂತೆ ಮಗ. ಅದಕ್ಕೇ ಎಲ್ರೂ ಕಣ್ಣು ಬಿಟ್ಕೊಂಡು ಚೆಲ್ತಾರೆ."

ದ್ಯಾವಕ್ಕನ ಬಾಯಿ ತೆರೆಯಿತು, ದನಿ ಬರಲಿಲ್ಲ. ಹುಡುಗಿ ಅಜ್ಜಿಯ ಮುಖವನ್ನೇ ನೋಡುತ್ತ ಬಟ್ಟಲು ವಾಲಿಸಿದಳು. ದ್ಯಾವಕ್ಕ ಎದ್ದು ಹೋಗಿ, ಆ ಮಗುವಿನ ಗಲ್ಲ ಹಿಡಿದು, ಮುಖವನ್ನು ಗುಟುಕು ಬಿದ್ದ ನೆಲದ ಕಡೆಗೆ ತಿರುಗಿಸಿದಳು.